ಅಳಿಸಿಹೋದ ಗುರುತು

ಗುರುತು ಮಾಯವಾಗಿತ್ತು.

ಪಾರ್ಕಿನ್ಸನ್ ರೋಗಿ ಫರ್ಗಸ್ ಅವರ ಚರ್ಮದ ಚೂರಿನಿಂದ ಬೆಳೆಸಿದ ಜೀವಕೋಶಗಳಲ್ಲಿ ಒಂದು ಪ್ರೋಟೀನಿಗೆ ಫಾಸ್ಫೇಟ್ ವಿಪರೀತ ಅಂಟಿಕೊಂಡಿರುತ್ತದೆ. ಪರೀಕ್ಷೆಯ ಫಿಲ್ಮಿನ ಮೇಲೆ ಅದು ಕಪ್ಪು ಪಟ್ಟಿಯಾಗಿ ಮೂಡುತ್ತದೆ. ಡಂಡೀ ನಗರದ ಆ ಪ್ರಯೋಗಾಲಯ ನಂಬಿ ಕೂತಿದ್ದ ಪಟ್ಟಿ. ಈಗ ಆ ಜಾಗ ಖಾಲಿ.

"ಕೋಶದ ಕೊಳವೆ ಅದಲುಬದಲು ಮಾಡಿದ್ದಾಳೆ!" ಪ್ರೊಫೆಸರ್ ರೆನ್ನಿ ಸಿಡುಕಿದರು. "ಸಂಜೆಯೊಳಗೆ ಇವಳು ಹೊರಗೆ."

ಸಂಶೋಧನಾ ವಿದ್ಯಾರ್ಥಿನಿ ಕರ್ಸ್ಟಿ ಪಕ್ಕದಲ್ಲೇ ನಿಂತಿದ್ದಳು. ವಿಶ್ವವಿದ್ಯಾಲಯದ ತನಿಖಾಧಿಕಾರಿ ಶೋನಾ ಪೆಟ್ರಿ ಕೋಟು ಕೂಡ ಬಿಚ್ಚದೆ ಅತ್ತಿಂದಿತ್ತ ನಡೆಯುತ್ತಿದ್ದಳು.

"ಯಾವುದರ ಜೊತೆ ಅದಲುಬದಲು?"

"ಫರ್ಗಸ್ ಹೆಂಡತಿ ಐಲ್ಸಾದು. ಹೋಲಿಸಿ ನೋಡೋಕೆ ಆರೋಗ್ಯವಂತರ ಕೋಶ ಬೇಕಲ್ಲ?"

"ಹಾಗಾದ್ರೆ ಕಪ್ಪು ಪಟ್ಟಿ ಐಲ್ಸಾ ಸಾಲಲ್ಲಿ ಇರಬೇಕಿತ್ತು. ಇದೆಯಾ?"

ರೆನ್ನಿ ಫಿಲ್ಮಿನತ್ತ ಬಾಗಿದರು. ಅಲ್ಲಿ ಎಂದಿನ ಮಸುಕು ಪಟ್ಟಿಯೂ ಇರಲಿಲ್ಲ.

"ಪ್ರೋಟೀನೇ ಹೋಯ್ತಾ ಮರಿ?" ಶೋನಾ ಕರ್ಸ್ಟಿಯನ್ನು ಕೇಳಿದಳು.

"ಇಲ್ಲ, ಅದು ಅಷ್ಟೂ ಇದೆ. ಫಾಸ್ಫೇಟ್ ಮಾತ್ರ—"

"ಉಳಿದ ಕೊಳವೆ ತಾ."

ಗಂಡ ಹೆಂಡತಿ ಇಬ್ಬರದ್ದೂ ಒಂದೊಂದು ಫ್ರೀಜರಿನಲ್ಲಿ ಉಳಿದಿತ್ತು. ಶೋನಾ ಕೊಳವೆಗಳ ಮೇಲಿನ ಮಂಜು ಒರೆಸಿದಳು. ತಳದಲ್ಲಿ ಗುಂಡಗೆ ಹೆಪ್ಪುಗಟ್ಟಿರಬೇಕಿದ್ದ ಕೋಶಗಳು ಒಳಗೋಡೆಯುದ್ದಕ್ಕೂ ಬಳಿದುಕೊಂಡಿದ್ದವು.

"ಈಚೆಗೆ ಹೊರಗಿನವರು ಯಾರು ಬಂದಿದ್ರು?"

"ಕೋಶ ಕೊಟ್ಟವರನ್ನ ವರ್ಷಕ್ಕೊಮ್ಮೆ ಚಹಾಕ್ಕೆ ಕರೀತೀವಿ," ಎಂದಳು ಕರ್ಸ್ಟಿ. "ಹೋದ ವಾರ ಫರ್ಗಸ್, ಐಲ್ಸಾ ಇಬ್ಬರೂ ಬಂದಿದ್ರಂತೆ. ನಾನು ರಜದಲ್ಲಿದ್ದೆ."

"ಮೈಕ್ರೋಸ್ಕೋಪಲ್ಲಿ ತೋರಿಸಿದೆ, ಅಷ್ಟೇ," ರೆನ್ನಿ ಅವಸರದಿಂದ ಹೇಳಿದರು.

ಶೋನಾ ಐಲ್ಸಾಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಕೋಶಗಳನ್ನು ಹೇಗೆ ತೋರಿಸಿದರೆಂದು ವಿಚಾರಿಸಿದಳು.

"ಅಯ್ಯೋ, ಪ್ರೊಫೆಸರು ನಮ್ಮ ಕೈಗೇ ಕೊಟ್ರಲ್ಲಮ್ಮ! ತಲಾ ಎರಡು ಕೊಳವೆ, ಫೋಟೋಗೆ. ಎಷ್ಟೊತ್ತು ನಿಲ್ಲಿಸಿದ್ರು ಗೊತ್ತಾ? ಇವ್ರ ಕೈ ನಡುಗತ್ತಲ್ಲ, ಬಿದ್ದುಹೋಗತ್ತೆ ಅಂತ ಮುಷ್ಟಿ ಬಿಗಿಹಿಡಿದಿದ್ರು. ನಾನೂ ಹಾಗೇ ಹಿಡ್ಕೊಂಡಿದ್ದೆ."

ಶೋನಾ ರೆನ್ನಿಯತ್ತ ತಿರುಗಿದಳು. "ಹೊರಗಿನಿಂದ ಯಾರೂ ಏನೂ ಅಳಿಸಿಲ್ಲ. ಫಾಸ್ಫೇಟ್ ಕಿತ್ತುಹಾಕೋ ಕಿಣ್ವ ಕೋಶದ ಒಳಗೇ ಇರತ್ತೆ. ಅದನ್ನ ತಡೆಯೋ ಮದ್ದು ನೀವು ಹಾಕೋದು ಕೋಶ ಒಡೆಯುವಾಗ. ಅಲ್ಲಿವರೆಗೆ ಫಾಸ್ಫೇಟ್ ಕಾಪಾಡೋದು ಹಿಮ ಒಂದೇ. ಮುಷ್ಟಿಯ ಬಿಸಿಗೆ ಅದು ಕರಗ್ತು, ಕೋಶ ಗೋಡೆಗೆಲ್ಲ ಬಳಿದುಕೊಳ್ತು. ನೀವು ಮತ್ತೆ ಹೆಪ್ಪುಗಟ್ಟಿಸಿ ಸುಮ್ಮನಾದ್ರಿ. ಅಲ್ವಾ ಪ್ರೊಫೆಸರ್?"

"ಕೈಯಲ್ಲಿ ಹಿಡಿದು ನೋಡೋಕೆ ಅವರಿಗೆ ಅಷ್ಟು ಆಸೆ ಇತ್ತು..."

"ತೋರಿಸಿದ್ದು ತಪ್ಪಲ್ಲ. ಆದರೆ ಕರಗಿದ್ದನ್ನ ಮುಚ್ಚಿಟ್ರಿ. ತಪ್ಪನ್ನ ಈ ಹುಡುಗಿ ಮೇಲೆ ಹಾಕಿದ್ರಿ."

"ಹಲೋ?" ಐಲ್ಸಾ ದನಿ ಸಣ್ಣಗಾಯಿತು. "ಹಾಳಾಯ್ತಾ? ಇವ್ರು ಆಗ್ಲೇ ಕೋಟು ಹಾಕ್ಕೊಳ್ತಿದ್ದಾರೆ, ಇನ್ನೊಂದು ಚೂರು ಚರ್ಮ ಕೊಡ್ತೀನಿ ಅಂತ. ಕರ್ಸ್ಟಿ ಮತ್ತೆ ಬೆಳೆಸ್ತಾಳಾ?"

ಶೋನಾ ಫೋನನ್ನು ರೆನ್ನಿಯ ಮುಂದಕ್ಕೆ ತಳ್ಳಿದಳು.

"ಬೆಳೆಸ್ತಾಳೆ," ಎಂದರು ರೆನ್ನಿ, ಕರ್ಸ್ಟಿಯತ್ತ ತಿರುಗಿ. "ಅವಳೇ ಬೆಳೆಸ್ತಾಳೆ."