ದಿಂಬುವಿನ ಎಡಗಿವಿ

"ಶ್! ಯಾರೂ ಮಾತಾಡಬೇಡಿ. ಉಸಿರು ಕೂಡ ಜೋರಾಗಿ ಬಿಡಬೇಡಿ!"

ಹಾಗೆಂದು ಅತ್ತೆ ಮೊಲದ ಮೇಲಿಂದ ಎರಡೂ ಕೈ ತೆಗೆದು ಹಿಂದೆ ಸರಿದರು. ಮೇಜಿನ ಮೇಲೆ ಹಳೆಯ ಕಾರ್ಪೆಟ್ಟಿನ ತುಂಡು, ಅದರ ಮೇಲೆ ದಿಂಬು. ನಾಲ್ಕು ತಿಂಗಳ ಬೂದು ಮೊಲ. ಅತ್ತೆ ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸುತ್ತಿದ್ದರು.

ಜೋಲುಕಿವಿ ಮೊಲದ ಕಿವಿ ನೋಡುವ ಕ್ರಮವೇ ಅದು. ಮುಟ್ಟಬಾರದು, ಕರೆಯಬಾರದು. ಮೊಲ ತನ್ನಷ್ಟಕ್ಕೆ ನಿರಾಳವಾಗಿ ಕೂರಬೇಕು. ಆಗ ಎರಡು ಕಿವಿಗಳೂ ಕೆನ್ನೆಗೆ ಒತ್ತಿಕೊಂಡು ನೇರ ಕೆಳಗೆ ಜೋತುಬೀಳಬೇಕು.

ದಿಂಬುವಿನ ಬಲಗಿವಿ ಚೆನ್ನಾಗಿ ಜೋತುಬಿತ್ತು. ಎಡಗಿವಿ ಮಾತ್ರ ಪಕ್ಕಕ್ಕೆ ಚಾಚಿಕೊಂಡೇ ಇತ್ತು, ಎಡಕ್ಕೆ ತಿರುಗುವ ಸೈಕಲ್ ಸವಾರ ಕೈ ತೋರಿಸಿದ ಹಾಗೆ.

"ದಾರಿ ಬಿಡಿ, ದಾರಿ ಬಿಡಿ! ದಿಂಬು ಲೆಫ್ಟ್ ತಗೋತಾ ಇದಾನೆ!" ಎಂದ ಅಣ್ಣ.

ತಂಗಿ ಪಿಟೀಲುಗೆ ನಗು ಬರಲಿಲ್ಲ. ಅವಳ ನಿಜವಾದ ಹೆಸರು ಶಾಲೆಯಲ್ಲಿ ಮಾತ್ರ. ಒಂದು ಪ್ರಶ್ನೆ ಹಿಡಿದಳೆಂದರೆ ಉತ್ತರ ಸಿಗುವವರೆಗೆ ಕುಯ್ಯುತ್ತಲೇ ಇರುತ್ತಾಳೆಂದು ಮನೆಯಲ್ಲಿ ಎಲ್ಲರೂ ಪಿಟೀಲು ಎಂದೇ ಕರೆಯುತ್ತಿದ್ದರು.

"ಇನ್ನೂ ಇಳೀಬಹುದಲ್ವಾ ಅತ್ತೆ?"

"ಇಳಿದ್ರೆ ಒಳ್ಳೇದೇ ಪುಟ್ಟಾ. ಭಾನುವಾರ ಮೊಲಗಳ ಶೋ ಇದೆ. ಜಡ್ಜ್ ಸರಿ ಅಂದ್ರೆ ಇಲ್ಲೇ ಇರ್ತಾನೆ. ಇಲ್ಲಾಂದ್ರೆ ಟೈಲರ್ ಮನೆಗೆ. ಅವರ ಮಗಳು ಒಂದು ಮೊಲ ಕೊಡಿ ಅಂತ ಕೇಳ್ತಾನೇ ಇದಾಳೆ."

"ಒಂದು ಕಿವಿಗೋಸ್ಕರಾನಾ?"

"ನನ್ನ ಹತ್ರ ಇರೋದು ಐದೇ ಗೂಡು. ಕಿವಿ ದೋಷ ಇರೋನನ್ನ ಇಟ್ಕೊಂಡ್ರೆ ನಾಳೆ ಅವನ ಮರಿಗಳಿಗೂ ಅದೇ ಬರತ್ತೆ."

ಪಿಟೀಲು ದಿಂಬುವನ್ನು ಎತ್ತಿ ಎದೆಗೊತ್ತಿಕೊಂಡಳು. ದಿನಾ ಶಾಲೆಯಿಂದ ಬಂದ ಕೂಡಲೇ ಅವಳ ಸಾಕ್ಸ್ ಮೂಸುತ್ತಿದ್ದವನು ದಿಂಬು. ಅಣ್ಣನ ಸಾಕ್ಸ್ ಕಂಡರೆ ಓಡಿಹೋಗುತ್ತಿದ್ದ. ಅದಕ್ಕೆ ಬೇರೆ ಕಾರಣವಿತ್ತು, ಬಿಡಿ.

"ಕೆಲವು ಮೊಲಕ್ಕೆ ಕಿವಿ ಯಾಕೆ ಇಳಿಯಲ್ಲ ಅತ್ತೆ?"

"ಶುರುವಾಯ್ತಪ್ಪಾ ಪಿಟೀಲು!" ಎನ್ನುತ್ತಾ ಅಣ್ಣ ಜಾಗ ಖಾಲಿ ಮಾಡಿದ.

"ಅಪ್ಪ ಅಮ್ಮನಿಂದ ಬರತ್ತೆ. ಹವಾನೂ ಕಾರಣ," ಎಂದರು ಅತ್ತೆ. "ಸೆಕೆಗಾಲದಲ್ಲಿ ಬೆಳೆದ ಮರಿಗಳ ಕಿವಿ ಉದ್ದ ಆಗತ್ತೆ, ಸಲೀಸಾಗಿ ಇಳಿಯತ್ತೆ. ಇವನು ಚಳೀಲಿ ಹುಟ್ಟಿದೋನು ನೋಡು."

ಪಿಟೀಲು ಮುಂದೆ ಒಂದೂ ಪ್ರಶ್ನೆ ಕೇಳಲಿಲ್ಲ. ಅತ್ತೆಗೆ ಅಲ್ಲೇ ಅನುಮಾನ ಬರಬೇಕಿತ್ತು.

ಗುರುವಾರ ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಅತ್ತೆ ಮೊಲಗಳಿಗೆ ಹುಲ್ಲು ತರಲು ಹೋಗಿದ್ದರು. ಪಿಟೀಲು ರಟ್ಟಿನ ಪೆಟ್ಟಿಗೆಯಲ್ಲಿ ದಿಂಬುವನ್ನು ಕೂರಿಸಿ, ಬಿಸಿಲು ಬೀಳುವ ಕಿಟಕಿಯ ಕೆಳಗಿಟ್ಟಳು. ತನ್ನ ಉಣ್ಣೆಯ ಮಫ್ಲರನ್ನು ಅವನ ತಲೆಗೆ ಸುತ್ತಿದಳು. ಮೂಗು, ಕಣ್ಣು ಮಾತ್ರ ಹೊರಗೆ.

"ಸ್ವಲ್ಪ ಹೊತ್ತು ಸೆಕೆಗಾಲ ಅಂದ್ಕೋ," ಎಂದು ಅವನಿಗೆ ಹೇಳಿ ಲೆಕ್ಕ ಮಾಡಲು ಕೂತಳು.

ಆರನೇ ಲೆಕ್ಕದ ಹೊತ್ತಿಗೆ ಪೆಟ್ಟಿಗೆಯಿಂದ ಸದ್ದೇ ಇಲ್ಲ. ಇಣುಕಿದಳು. ದಿಂಬು ಉದ್ದಕ್ಕೆ ಬಿದ್ದುಕೊಂಡಿದ್ದ. ಹೊಟ್ಟೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಬಾಯಿ ಚೂರೇ ಚೂರು ತೆರೆದಿತ್ತು.

"ಅತ್ತೇ!"

ಗೇಟು ತೆಗೆಯುತ್ತಿದ್ದ ಅತ್ತೆ ಹುಲ್ಲಿನ ಹೊರೆಯನ್ನು ಅಲ್ಲೇ ಬಿಸಾಡಿ ಓಡಿಬಂದರು. ಮಫ್ಲರ್ ಕಿತ್ತೆಸೆದು, ದಿಂಬುವನ್ನು ಬಚ್ಚಲುಮನೆಯ ತಣ್ಣನೆಯ ನೆಲದ ಮೇಲೆ ಮಲಗಿಸಿದರು.

"ಟವೆಲ್ ಒದ್ದೆ ಮಾಡ್ಕೊಂಡು ಬಾ. ಐಸ್ ನೀರು ಬೇಡ, ನಲ್ಲಿ ನೀರು ಸಾಕು. ಚೆನ್ನಾಗಿ ಹಿಂಡು."

ಪಿಟೀಲು ಓಡಿಹೋಗಿ ಹಿಂಡಿ ತಂದಳು. ಅತ್ತೆ ಅವಳ ಬೆರಳನ್ನು ಹಿಡಿದು ದಿಂಬುವಿನ ಕಿವಿಯ ಮೇಲಿಟ್ಟರು. ಕಿವಿ ಕಾದ ತಟ್ಟೆಯ ಹಾಗೆ ಸುಡುತ್ತಿತ್ತು. ಒಳಗೆ ಸಣ್ಣ ಸಣ್ಣ ನರಗಳು ಕೆಂಪಗೆ ಉಬ್ಬಿದ್ದವು.

"ಇವನು ನಮ್ಮ ಹಾಗೆ ಬೆವರಲ್ಲ ಕಣೇ. ಮೈಯೊಳಗಿನ ಬಿಸಿ ಹೊರಗೆ ಹೋಗೋದೇ ಈ ಕಿವಿಗಳಿಂದ. ನೀನು ಅದನ್ನೇ ಮುಚ್ಚಿಬಿಟ್ಟಿದೀಯ."

"ಇವನು ಇಲ್ಲೇ ಇರ್ಲಿ ಅಂತ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಪಿಟೀಲುಗೆ. ಇಬ್ಬರೂ ನೆಲದ ಮೇಲೆ ಕೂತು ಕಿವಿಗಳಿಗೆ ಒದ್ದೆ ಟವೆಲ್ ಒತ್ತುತ್ತಾ ಹೋದರು. ಹೊಟ್ಟೆಯ ಹೊಡೆತ ನಿಧಾನವಾಯಿತು. ಕೊನೆಗೆ ದಿಂಬು ಎದ್ದು ಕೂತು, ಒಮ್ಮೆ ಮೈ ಕೊಡವಿ, ಟವೆಲಿನ ಅಂಚನ್ನು ಕಚಕಚ ಕಡಿಯತೊಡಗಿದ.

"ಬಂತು ನೋಡು ಜೀವ!" ಎಂದರು ಅತ್ತೆ. "ಹೋಯ್ತು ನನ್ನ ಹೊಸಾ ಟವೆಲ್ಲು."

ಪಿಟೀಲು ಅಳುತ್ತಲೇ ನಕ್ಕಳು.

ಭಾನುವಾರ ಶೋ. ಹಾಲ್ ತುಂಬ ಗೂಡುಗಳು, ಒಣಹುಲ್ಲಿನ ವಾಸನೆ. ಜಡ್ಜ್ ಬಿಳಿ ಕೋಟಿನ ಅಜ್ಜ. ಅವರ ಕಿವಿಗಳು ಎರಡೂ ಕಡೆ ಬಾಗಿಲು ತೆರೆದಂತೆ ಅಗಲವಾಗಿದ್ದವು.

"ಅವರದ್ದೇ ಪಾಸಾಗಲ್ಲ," ಎಂದು ಅಣ್ಣ ಪಿಸುಗುಟ್ಟಿದ. ಪಿಟೀಲು ಅವನನ್ನು ಚಿವುಟಿದಳು.

ಜಡ್ಜ್ ದಿಂಬುವನ್ನು ಮೇಜಿನ ಮೇಲೆ ಕೂರಿಸಿ ಕೈ ತೆಗೆದರು. ಪಿಟೀಲು ಎಣಿಸಿದಳು. ಹತ್ತು... ಎಡಗಿವಿ ಮೆಲ್ಲಗೆ ಬಾಗಿತು. ಇಪ್ಪತ್ತು... ಇನ್ನೂ ಕೆಳಗೆ. ಇಪ್ಪತ್ತಾರಕ್ಕೆ ಕೆನ್ನೆಗೆ ತಾಗಿಯೇಬಿಟ್ಟಿತು! ಇಪ್ಪತ್ತೇಳು, ಇಪ್ಪತ್ತೆಂಟು...

"ಆಕ್ಷೀ!"

ಸೀನಿದ್ದು ಜಡ್ಜ್. ಕಿವಿ ಟಪ್ಪನೆ ಪಕ್ಕಕ್ಕೆ ಎದ್ದಿತು.

"ಅಯ್ಯೋ ಸಾರಿ ಮರೀ, ಈ ಹುಲ್ಲಿನ ಧೂಳು," ಎಂದು ಅವರು ಮತ್ತೆ ಮೊದಲಿಂದ ಎಣಿಸಿದರು. ಮೂರು ಸಲ ಎಣಿಸಿದರು. ಕಿವಿ ಕೆಳಗೆ ಬರಲೇ ಇಲ್ಲ.

"ಗಟ್ಟಿ ಮೈ, ಒಳ್ಳೇ ತುಪ್ಪಳ," ಎಂದರು ಜಡ್ಜ್. "ಆದ್ರೆ ನನ್ನ ಸೀನು ಬರೀ ನೆಪ ಕಣಮ್ಮಾ. ಈ ಕಿವಿ ನಿಲ್ಲೋದೇ ಹೀಗೆ. ಪಾಸ್ ಮಾಡಕ್ಕಾಗಲ್ಲ."

"ನೋವೇನಾದ್ರೂ ಇದೆಯಾ ಇವನಿಗೆ?" ಪಿಟೀಲು ಕೇಳಿದ್ದು ಅದೊಂದೇ.

ಅವರು ಸಣ್ಣ ಟಾರ್ಚ್ ಹಿಡಿದು ಕಿವಿಯೊಳಗೆ ನೋಡಿದರು. "ಏನೂ ಇಲ್ಲ. ಫಸ್ಟ್ ಕ್ಲಾಸಾಗಿದೆ."

ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟರು.

ಸೋಮವಾರ ಸಂಜೆ ದಿಂಬುವನ್ನು ಟೈಲರ್ ಮನೆಗೆ ಎತ್ತಿಕೊಂಡು ಹೋದವಳು ಪಿಟೀಲುವೇ. ನೆಲದ ತುಂಬ ಬಣ್ಣಬಣ್ಣದ ಬಟ್ಟೆಚೂರು. ಟೈಲರ್ ಮಗಳಿಗೆ ಆರು ವರ್ಷ, ಮುಂದಿನ ಎರಡು ಹಲ್ಲಿರಲಿಲ್ಲ. ಅವಳು ದಿಂಬುವಿನ ಎಡಗಿವಿಯನ್ನು ಬೆರಳಿಂದ ಕೆಳಗೆ ಒತ್ತಿದಳು. ಬಿಟ್ಟ ಕೂಡಲೇ ಅದು ಎದ್ದಿತು. ಮತ್ತೆ ಒತ್ತಿದಳು.

"ಇದು ಕೆಟ್ಟೋಗಿದ್ಯಾ ಅಕ್ಕಾ?"

ಅಷ್ಟರಲ್ಲಿ ಟೈಲರ್ ಮೆಷಿನ್ ತುಳಿಯತೊಡಗಿದರು. ಟರ್‍ರ್ ಎಂದು ಸದ್ದಾಯಿತು. ದಿಂಬು ಹೆದರಲಿಲ್ಲ. ಎಡಗಿವಿಯನ್ನು ಮೆಲ್ಲಗೆ ಆ ಸದ್ದಿನ ಕಡೆಗೆ ತಿರುಗಿಸಿದ.

ಪಿಟೀಲು ಆ ಪುಟ್ಟ ಕೈಯನ್ನು ಕಿವಿಯಿಂದ ತೆಗೆದು, ಅವನ ಬೆನ್ನ ಮೇಲಿಟ್ಟಳು.

"ಇಲ್ವಲ್ಲಾ," ಎಂದಳು. "ನಿಮ್ಮನೆ ಸದ್ದು ಕೇಳಿಸ್ಕೋತಾ ಇದಾನೆ."