ಇಮಾಂಬಿಯ ಅನುಮತಿ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಆ ಸಂಜೆ ಮೂರು ಅಂಗಡಿಗಳ ಸ್ಪೀಕರುಗಳು ಮೂರು ಬೇರೆ ಬೇರೆ ಸಿನಿಮಾ ಹಾಡುಗಳನ್ನು ಹಾಕಿದ್ದವು. ಮಕ್ತುಮಸಾಬ ನದಾಫನಿಗೆ ಒಂದೂ ಕೇಳಿಸಲಿಲ್ಲ. ಬಾಳೆಹಣ್ಣು ಮಾರುವವಳ ಕೂಗು, ಆಟೊಗಳ ಹಾರ್ನು, ಗಿರ್ಮಿಟ್ ಕಲಸುವ ಸೌಟಿನ ಸದ್ದು ಎಲ್ಲವೂ ಸ್ಪಷ್ಟವಾಗಿದ್ದವು. ಹಾಡಿನ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಗಿರ್ಮಿಟ್ ಗಾಡಿಯವನು ಹಾಡಿನ ಜೊತೆಗೆ ತಾನೂ ದನಿಗೂಡಿಸುತ್ತಿದ್ದ. ಮಕ್ತುಮನಿಗೆ ಅವನ ತುಟಿಗಳಷ್ಟೇ ಕಂಡವು.

ಮಕ್ತುಮನ ಎರಡೂ ಕಿವಿಗಳ ಹಿಂದೆ, ಚರ್ಮದ ಕೆಳಗೆ, ಕಡಲೆಕಾಳಿನಷ್ಟು ದಪ್ಪದ ಸಾಧನಗಳಿದ್ದವು. ಕಾನೂನು ಆ ಜೋಡಿಯನ್ನು ಕೃತಿಜರಡಿ ಎಂದು ಕರೆಯುತ್ತಿತ್ತು. ಕಿವಿಗೆ ಬಿದ್ದ ಸದ್ದಿನ ಅಚ್ಚನ್ನು ಅದು ಕ್ಷಣಮಾತ್ರದಲ್ಲಿ ಸರ್ಕಾರದ ಕೃತಿಭಂಡಾರದ ಅಚ್ಚುಗಳ ಜೊತೆ ಹೋಲಿಸುತ್ತಿತ್ತು. ಯಾರದಾದರೂ ಸ್ವಾಮ್ಯದಲ್ಲಿರುವ ರಾಗಕ್ಕೆ ತಾಳೆಯಾದರೆ ಶ್ರವಣನರಕ್ಕೆ ವಿರುದ್ಧ ಅಲೆಯನ್ನು ಕಳಿಸಿ ಆ ಸದ್ದನ್ನಷ್ಟೇ ಅಳಿಸುತ್ತಿತ್ತು. ಸಿನಿಮಾ ಹಾಡುಗಳಷ್ಟೇ ಅಲ್ಲ, ಜೋಗುಳ, ಬೀಸುವ ಹಾಡುಗಳನ್ನೂ ಯಾರೋ ಎಂದೋ ಧ್ವನಿಮುದ್ರಿಸಿ ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು.

ಕೃತಿಗಳನ್ನು ಕದ್ದವರು ಕೃತಿಗಳ ಸುಖವನ್ನೇ ಕಳೆದುಕೊಳ್ಳಬೇಕು ಎಂಬುದು ಈ ಶಿಕ್ಷೆಯ ತರ್ಕ. ಮಕ್ತುಮ ನಿರಪರಾಧಿಯಾಗಿರಲಿಲ್ಲ. ಗೇಮ್ ಕನ್ಸೋಲುಗಳನ್ನು ಬಿಚ್ಚಿ, ಅವುಗಳ ಬೀಗದ ಚಿಪ್ಪನ್ನು ವಂಚಿಸುವ ಇನ್ನೊಂದು ಚಿಪ್ಪನ್ನು ಬೆಸೆದು, ನಕಲು ಆಟಗಳನ್ನು ತುಂಬಿ ಮೂರು ಜಿಲ್ಲೆಗಳಿಗೆ ಮಾರುತ್ತಿದ್ದ. ಅದನ್ನು ಕೋರ್ಟಿನಲ್ಲಿ ಅವನೇ ಒಪ್ಪಿಕೊಂಡಿದ್ದ. ಜೈಲು ಅಥವಾ ಜರಡಿ ಎಂದು ನ್ಯಾಯಾಧೀಶರು ಕೇಳಿದಾಗ, ಮನೆಯಲ್ಲಿ ತಾಯಿ ಒಬ್ಬಳೇ ಎಂಬ ಕಾರಣಕ್ಕೆ ನಾಲ್ಕು ವರ್ಷದ ಜರಡಿಯನ್ನು ಆರಿಸಿಕೊಂಡ. ಮಿಕ್ಸರು, ಫ್ಯಾನು ರಿಪೇರಿ ಮಾಡಿ ಸಂಸಾರ ನಡೆಸಿದ. ಮೊದಲ ವರ್ಷ ಕಷ್ಟವೆನಿಸಲಿಲ್ಲ.

ಎರಡನೆಯ ವರ್ಷ ಅವನ ತಾಯಿ ಇಮಾಂಬಿಗೆ ಪಾರ್ಶ್ವವಾಯು ಬಡಿಯಿತು. ಕಾಲಿಗೆ ಬಲ ಬಂತು, ಮಾತು ಬರಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ವಾರದೊಳಗೆ ಆಕೆ ಹಾಡತೊಡಗಿದಳು. ಹಾಡಿನಲ್ಲಿ ಪದಗಳು ಸಲೀಸಾಗಿ ಬರುತ್ತಿದ್ದವು. ನೀರು ಬೇಕಾದರೆ ಹೊಳೆಯ ಮೇಲಿನ ಹಳೆಯ ಸಿನಿಮಾ ಹಾಡು. ಹೊರಗೆ ಹೋಗಬೇಕಾದರೆ ಬಂಡಿಯ ಹಾಡು. ಸಿಟ್ಟು ಬಂದರೆ ಪ್ರೇಮಿಗಳು ಅಗಲುವ ಹಾಡು. ಓಣಿಯವರಿಗೆಲ್ಲ ಈ ಭಾಷೆ ಅರ್ಥವಾಯಿತು. ಮಗನಿಗೆ ಮಾತ್ರ ತಾಯಿಯ ಬಾಯಿ ಸದ್ದಿಲ್ಲದೆ ಆಡುವುದಷ್ಟೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಗಂಗವ್ವ ಬಾಗಿಲು ತಳ್ಳಿಕೊಂಡು ಬಂದಳು.

"ಏ ಮಕ್ತುಮಾ, ನಿಮ್ಮವ್ವ ಬಚ್ಚಲದಾಗ ಬಿದ್ದು ಆಗಿನಿಂದ ಹಾಡಾಕತ್ತಾಳ. ನೀ ಇಲ್ಲಿ ಮಿಕ್ಸರ್ ಬಿಚ್ಕೊಂಡು ಕುಂತಿ. ಕಿವ್ಯಾಗ ಏನ್ ಹತ್ತಿ ತುರ್ಕೊಂಡೀ ಏನು?"

ಬಚ್ಚಲು ಅವನು ಕುಳಿತಲ್ಲಿಂದ ಆರೇಳು ಮಾರು. ಇಮಾಂಬಿಯ ಬಲಗೈ ಮಣಿಕಟ್ಟು ಮುರಿದಿತ್ತು. ಎತ್ತಿಕೊಂಡಾಗಲೂ ಆಕೆ ಅವನ ಮುಖ ನೋಡುತ್ತ ಬಾಯಾಡಿಸುತ್ತಲೇ ಇದ್ದಳು.

ಮರುದಿನ ಮಕ್ತುಮ ಧಾರವಾಡಕ್ಕೆ ಹೋದ. ಕೃತಿಜರಡಿಯನ್ನು ರೂಪಿಸಿದ ನರವಿಜ್ಞಾನಿ ಡಾ. ವೈಜಯಂತಿ ಹೆಬಸೂರ ಅಲ್ಲಿನ ಮೇಲ್ವಿಚಾರಣಾ ಕೇಂದ್ರದಲ್ಲಿದ್ದರು.

"ಅವ್ವ ಹಾಡಿದ್ದಷ್ಟ ಬಿಡೂ ಹಂಗ ಮಾಡ್ರಿ ಮೇಡಂ. ಉಳಿದದ್ದು ಏನೂ ಬ್ಯಾಡ."

"ಜರಡಿ ದನಿ ಯಾರದು ಅಂತ ನೋಡೂದಿಲ್ಲ, ರಾಗ ಯಾರದು ಅಂತ ನೋಡ್ತದ," ಎಂದರು ವೈಜಯಂತಿ. "ತಗೀಬೇಕಂದ್ರ ಹೈಕೋರ್ಟು ಹೇಳಬೇಕು. ವರ್ಷ ಹಿಡೀತದ."

"ನಾನ ಬಿಚ್ಚಿದ್ರ?"

"ಏಳು ವರ್ಷ ಜೈಲು. ನಿಮಗ ಬಿಚ್ಚಲಿಕ್ಕೆ ಬರ್ತದ ಅನ್ನೂದು ನನಗ ಗೊತ್ತದ. ಅದನ್ನ ಇನ್ನೊಮ್ಮೆ ನನ್ನ ಮುಂದ ಹೇಳಬ್ಯಾಡ್ರಿ."

"ಜೈಲಿನ್ಯಾಗ ಅವ್ವ ಇರಂಗಿಲ್ಲಲ್ಲ," ಎಂದು ಮಕ್ತುಮ ತನಗೆ ತಾನೇ ಹೇಳಿಕೊಂಡ.

ಇಮಾಂಬಿಯನ್ನು ನೋಡಲು ಭಾನುವಾರ ತಾವೇ ಹುಬ್ಬಳ್ಳಿಗೆ ಬರುವುದಾಗಿ ವೈಜಯಂತಿ ಹೇಳಿದರು.

ಬಂದವರು ಮೊದಲು ವಿವರಿಸಿದರು. ಮಾತಿನ ಕೇಂದ್ರ ಸಾಮಾನ್ಯವಾಗಿ ಮೆದುಳಿನ ಎಡಭಾಗದಲ್ಲಿರುತ್ತದೆ. ಅಲ್ಲಿ ರಕ್ತ ನಿಂತರೆ ಮಾತು ಹೋಗುತ್ತದೆ. ಹಾಡಿಗೆ ಬಲಭಾಗವೂ ನೆರವಾಗುವುದರಿಂದ ಕೆಲವರಲ್ಲಿ ಹಾಡು ಉಳಿಯುತ್ತದೆ. ಸರಳವಾದೊಂದು ರಾಗ ಹಿಡಿದು, ಎಡಗೈಯಿಂದ ತಾಳ ಹಾಕಿಸುತ್ತ, ದಿನದ ಮಾತುಗಳನ್ನೇ ಅದರಲ್ಲಿ ಹೇಳಿಸಬಹುದು. ಈ ಚಿಕಿತ್ಸೆ ಹಳೆಯದೇ. ಇಲ್ಲಿ ಬೇಕಾದದ್ದು ಯಾರಿಗೂ ಸೇರದ ರಾಗ.

ವೈಜಯಂತಿ ತಮಗೆ ತೋಚಿದ್ದನ್ನು ಹಾಡಿದರು. ಮಕ್ತುಮ ತಲೆಯಾಡಿಸಿದ: ಬಾಯಿ ಕಾಣಿಸಿತು, ದನಿ ಇಲ್ಲ. ಇನ್ನೊಂದು ಹಾಡಿದರು. ಅದೂ ಇಲ್ಲ. ತಮ್ಮದೇ ಎಂದುಕೊಂಡು ಕಟ್ಟಿದ ಮೂರನೆಯದು ಯಾವುದೋ ಬಟ್ಟೆ ಸೋಪಿನ ಜಾಹೀರಾತಿನದೆಂದು ಅವರ ಫೋನು ತೋರಿಸಿತು.

"ಮೇಡಂರು ಕಳುವು ಮಾಡ್ತಾರವ್ವಾ," ಎಂದ ಮಕ್ತುಮ, ತಾಯಿಯ ಕಡೆ ತಿರುಗಿ. ಇಮಾಂಬಿ ನಕ್ಕಳು.

ನಕ್ಕವಳು ಎಡಗೈಯ ಬೆರಳುಗಳಿಂದ ಮಂಚದ ಹಲಗೆಯನ್ನು ಬಡಿಯತೊಡಗಿದಳು. ನದಾಫರ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ಯಂತ್ರಗಳು ಬರುವ ಮುಂಚೆ ಆಕೆಯ ಗಂಡ ಹತ್ತಿ ಹಿಂಜುವ ಬಿಲ್ಲು ಹಿಡಿದು ಮನೆಮನೆಗೆ ಹೋಗುತ್ತಿದ್ದ. ಬಿಲ್ಲಿನ ತಂತಿ ಹತ್ತಿಯೊಳಗೆ ಹೊಕ್ಕಾಗ ಮಂದ್ರದಲ್ಲಿ, ಹೊರಗೆ ಬಂದಾಗ ತಾರದಲ್ಲಿ ಮಿಡಿಯುತ್ತದೆ. ಆಕೆ ಬಡಿಯುತ್ತಿದ್ದದ್ದು ಅದೇ ಲಯ. ಆ ಎರಡು ಸ್ವರಗಳ ಮೇಲೆ, ತಡವರಿಸುತ್ತ, ಪದಗಳನ್ನಿಟ್ಟಳು: "ಮಕ್... ತುಮಾ... ನೀರ್... ತಾ."

ಮಕ್ತುಮ ಎದ್ದು ನಿಂತ. ನೀರು ತರಲಿಲ್ಲ. ಇನ್ನೊಮ್ಮೆ ಹೇಳು ಎಂದ.

ಮರುದಿನ ಬೆಳಿಗ್ಗೆ ಅದೂ ಕೇಳಿಸಲಿಲ್ಲ.

ಸುದ್ದಿ ತಿಳಿದು ಮತ್ತೆ ಬಂದ ವೈಜಯಂತಿಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಚ್ಚಿಗೆ ತಾಳೆಯಾಗದ ರಾಗ ಕಿವಿಗೆ ಬಿದ್ದರೆ ಜರಡಿ ಅದನ್ನು ಕೃತಿಭಂಡಾರಕ್ಕೆ ಕಳಿಸುತ್ತದೆ. ಭಂಡಾರ ಅದನ್ನು ಹೊಸ ಕೃತಿಯೆಂದು ಹಾಡಿದವರ ಹೆಸರಿಗೆ ನೋಂದಾಯಿಸುತ್ತದೆ. ಕರ್ತೃಗಳ ಹಿತಕ್ಕಾಗಿ ವೈಜಯಂತಿಯವರೇ ಸೇರಿಸಿದ್ದ ಏರ್ಪಾಡು ಅದು. ಈಗ ಆ ರಾಗಕ್ಕೆ ಇಮಾಂಬಿ ನದಾಫ, ಹುಬ್ಬಳ್ಳಿ, ಸ್ವಾಮ್ಯದಾರಳು. ಅದನ್ನು ಕೇಳುವ ಹಕ್ಕು ಮಗನಿಗಿರಲಿಲ್ಲ.

"ಹಂಗಾರ ಅವ್ವಂದ ನಾ ಕದ್ದಂಗಾತು," ಎಂದ ಮಕ್ತುಮ.

"ಸ್ವಾಮ್ಯದಾರರು ಅನುಮತಿ ಕೊಡಬಹುದು," ಎಂದರು ವೈಜಯಂತಿ. "ಕಾನೂನಿನಾಗ ಅದ. ಯಾವ ಕಂಪನಿನೂ ಈವರೆಗೆ ಕೊಟ್ಟಿಲ್ಲ ಅಷ್ಟ. ಆದ್ರ ಅವ್ವಾರು ತಮ್ಮ ಬಾಯಿಲೆ ಹೇಳಬೇಕು. ತಲೆ ಅಲ್ಲಾಡಿಸಿದ್ರ ನಡ್ಯಾಂಗಿಲ್ಲ."

ಮಂಚದ ಮೇಲೆ ಫೋನಿಟ್ಟರು. ಭಂಡಾರದ ಯಂತ್ರದನಿ ಕೇಳಿತು: ನಿಮ್ಮ ಕೃತಿಯನ್ನು ಕೇಳಲು ಯಾರಿಗೆ ಅನುಮತಿ ಕೊಡುತ್ತೀರಿ?

ಇಮಾಂಬಿ ಹಲಗೆ ಬಡಿದಳು. "ಎಲ್... ಲಾರ್... ಗೂ."

ವೈಜಯಂತಿ ಗಾಬರಿಯಾಗಿ ಫೋನಿನ ಮೇಲೆ ಕೈಯಿಟ್ಟರು. ಇಂಥ ರೋಗಿಗಳು ಒಂದು ಪದಕ್ಕೆ ಇನ್ನೊಂದನ್ನು ಹೇಳುವುದುಂಟು. "ಅವ್ವಾರ, ಮಗಗ ಅನ್ರಿ. ಮ-ಗ-ಗ."

ಇಮಾಂಬಿ ಅವರ ಕೈಯನ್ನು ಫೋನಿನಿಂದ ಎತ್ತಿ ಪಕ್ಕಕ್ಕಿಟ್ಟಳು. ಮತ್ತೆ ಅದನ್ನೇ ಹೇಳಿದಳು, ಈ ಸಲ ತಡವರಿಸದೆ.

ರಾಜ್ಯದಲ್ಲಿ ಆಗ ಜರಡಿ ಹೊತ್ತವರು ನಾಲ್ಕು ಸಾವಿರ ಜನ. ಅವರೆಲ್ಲರೂ ಕೇಳಬಹುದಾದ ರಾಗ ಇಡೀ ಭಂಡಾರದಲ್ಲಿ ಅದೊಂದೇ ಆಯಿತು. ಮೊದಲು ಗದಗಿನಿಂದ ಒಬ್ಬ ಹೆಂಗಸು ಬಂದು ಕಲಿತು ಹೋದಳು. ಆಮೇಲೆ ಫೋನುಗಳು ಬಂದವು. ರಾಯಚೂರಿನ ಒಂದು ಮನೆಯಲ್ಲಿ ಮಗುವನ್ನು ಹಿಂಜುವ ಬಿಲ್ಲಿನ ಲಯದಲ್ಲಿ ಮಲಗಿಸಿದರು. ಮಂಡ್ಯದಲ್ಲೊಬ್ಬಳು ಗಂಡನನ್ನು ಅದೇ ರಾಗದಲ್ಲಿ ಬೈದಳು. ಪಾರ್ಶ್ವವಾಯುವಿನ ವಾರ್ಡುಗಳಿಗೂ ಅದು ತಲುಪಿತು. ಒಂದು ಸ್ವರವೂ ಸೋರಬಾರದೆಂದು ಜರಡಿಯನ್ನು ಹೆಣೆದಿದ್ದ ವೈಜಯಂತಿ ಇದನ್ನು ಊಹಿಸಿರಲಿಲ್ಲ.

ಸ್ವಾಮ್ಯದಾರರ ಒಕ್ಕೂಟಕ್ಕೆ ಸಿಟ್ಟು ಬಂತು. ಶಿಕ್ಷೆಗೊಳಗಾದವರು ಹಾಡು ಕೇಳುತ್ತಿದ್ದರೆ ಅದು ಎಂಥ ಶಿಕ್ಷೆ? ಕಾನೂನಿನಲ್ಲಿ ದಾರಿ ಒಂದೇ ಇತ್ತು: ಕೃತಿಯನ್ನು ಕೊಂಡು, ಅನುಮತಿ ಹಿಂದಕ್ಕೆ ಪಡೆಯುವುದು. ಬೆಂಗಳೂರಿನಿಂದ ವಕೀಲರೊಬ್ಬರು ಬಂದರು. ಇಮಾಂಬಿಯ ಎದುರು ಕುಳಿತು ಬಹಳ ಹೊತ್ತು ಸಮಾಧಾನವಾಗಿ ಮಾತಾಡಿದರು. ಆಕೆಯೂ ಸಮಾಧಾನವಾಗಿ ಕೇಳಿದಳು.

"ಕೊಡಂ... ಗಿಲ್ಲ," ಎಂದು ಬಡಿದು ಹಾಡಿದಳು. "ಚಾ... ಕುಡೀರಿ."

ವಕೀಲರು ಚಹಾ ಕುಡಿದು ಕೈಮುಗಿದು ಎದ್ದರು. ಮೆಟ್ಟಿಲು ಇಳಿಯುವಾಗ ಏನೋ ಯೋಚಿಸುತ್ತ, ಬ್ರೀಫ್‌ಕೇಸಿನ ಮೇಲೆ ಬೆರಳಾಡಿಸುತ್ತ, ಆ ಎರಡು ಸ್ವರಗಳನ್ನೇ ಗುನುಗಿದರು. ಹಿಂದೆ ಬರುತ್ತಿದ್ದ ಮಕ್ತುಮ ನಿಂತು ಕೇಳಿದ. ವಕೀಲರು ತಿರುಗಿ ನೋಡಿ, ತಟ್ಟನೆ ಬಾಯಿ ಮುಚ್ಚಿಕೊಂಡರು.

"ಹಾಡ್ರಿ ವಕೀಲರ, ನಾಚ್ಕೋಬ್ಯಾಡ್ರಿ," ಎಂದ ಮಕ್ತುಮ. "ಅದಕ್ಕ ಕೇಸ್ ಆಗಂಗಿಲ್ಲ."