ಕೇಬಲ್ ಕಿತ್ತ ಮೇಲೆ ಬಂದ ಚಿತ್ರ

"ಬಂತಾ?" ಎಂದು ಆಂಟೆನಾ ತಿರುಗಿಸುತ್ತ ತಾರಸಿಯಿಂದ ಕೂಗಿದೆ.

"ಇಲ್ಲ ಕಣೋ, ಪರದೆ ತುಂಬಾ ಬರೀ ಇರುವೆ!" ಸೊಂಟದ ಮೂಳೆ ಮುರಿದು ಮಲಗಿದ್ದ ಚಿಕ್ಕಮ್ಮ ಕೆಳಗಿನ ಕೋಣೆಯಿಂದ ಕೂಗಿದಳು.

ಡಿಶ್, ಆಂಟೆನಾ ಎರಡರ ಸಿಗ್ನಲ್ಲನ್ನೂ ಒಂದೇ ಕೇಬಲ್ಲಿನಲ್ಲಿ ಅವಳ ಟಿವಿಗೆ ಇಳಿಸುವ ಹಟದಲ್ಲಿ ನನ್ನ ಇಡೀ ಭಾನುವಾರ ಹಾಳಾಗಿತ್ತು. ಮನೆಯಲ್ಲಿದ್ದದ್ದು ನಾವಿಬ್ಬರೇ. ಹತ್ತಿ ಇಳಿದು ಸಾಕಾಗಿ, ತಾರಸಿಯ ಬಾಗಿಲಿಗೆ ಬೀಗ ಜಡಿದು ಕೆಳಗೆ ಬಂದೆ. ಟಿವಿಯ ಹಿಂದಿನಿಂದ ಕೇಬಲ್ ಕಿತ್ತೆ.

ಕಿತ್ತ ಕೂಡಲೇ ಚಿತ್ರ ಕನ್ನಡಿಯಂತೆ ಬಂತು. ಸಿಕ್ಕಿಸಿದರೆ ಇರುವೆ, ಕಿತ್ತರೆ ವಾರ್ತೆ ಓದುವವಳ ಹುಬ್ಬಿನ ಕೂದಲೂ ಕಾಣುತ್ತಿತ್ತು. ಕೈಯಲ್ಲಿದ್ದ ಕೇಬಲ್ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಇದೇನು ನನ್ನ ಗ್ರಹಚಾರ!" ಎಂದೆ.

ಆಗ ತಾರಸಿಯಿಂದ ಯಾರೋ ನನ್ನದೇ ಬೇಸತ್ತ ದನಿಯಲ್ಲಿ ಕೇಳಿದರು: "ಬಂತಾ?"

ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನಾನು ತಡೆಯುವ ಮೊದಲೇ ಚಿಕ್ಕಮ್ಮ ಪರದೆಯಿಂದ ಕಣ್ಣು ಕೀಳದೆ ಕೂಗಿದಳು: "ಬಂತಪ್ಪಾ, ಚೆನ್ನಾಗಿ ಬಂತು! ಸಾಕು, ಇಳಿದು ಬಾ!"

ಬೀಗ ತೆರೆದ ಸದ್ದು ಕೇಳಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಮಾತ್ರ ಇಳಿಯತೊಡಗಿತು.

"ಚಿಕ್ಕಮ್ಮಾ, ಎತ್ಕೋತೀನಿ, ನನ್ನ ಕತ್ತು ಹಿಡ್ಕೋ. ಪಕ್ಕದ ಮನೆಗೆ ಹೋಗೋಣ!" ಎಂದು ಕೈ ಚಾಚಿದೆ.

"ಸುಮ್ನಿರೋ. ಈಗ ತಾನೇ ಬಂದಿದೆ. ನಾನು ಎಲ್ಲಿಗೂ ಬರಲ್ಲ."